ದಡ ಕಾಣದ ನೀರು

ಗುತ್ತಲು, ಮಂಡ್ಯ
ಭಾನುವಾರ, 9-2-1947

ಮಹಾಸಭೆಯಲ್ಲಿ ಆಸೀನರಾಗಿರುವ ಯಜಮಾನರೇ, ಪಟೇಲರೇ, ಕಂಬಳಿ ಹೊದ್ದು ಕೂತವರೇ, ಕಂಬಳಿಯಿಲ್ಲದೆ ನಿಂತವರೇ! ತಮ್ಮ ಮುಂದೆ ಕೈಕಟ್ಟಿ ಹಾಜರಾಗಿರುವವನು ಬೆಟ್ಟಯ್ಯ, ಬಿ.ಎ.; ಹೊಳಲಿನಲ್ಲಿ ಹುಟ್ಟು, ಮಂಡ್ಯದ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಪಾಠದ ಪಟ್ಟು; ವಯಸ್ಸು ನಲವತ್ತೈದು, ತಲೆಯಲ್ಲಿ ಉಳಿದ ಕೂದಲು ಇಪ್ಪತ್ತೈದು. ಇಂದಿನ ಉಪನ್ಯಾಸದ ವಿಷಯ: ಕಾಣೆಯಾದ ಗಂಡಂದಿರು ಮತ್ತು ಅವರನ್ನು ಶಾಸ್ತ್ರೋಕ್ತವಾಗಿ ಸಾಯಿಸುವ ವಿಧಾನ. ನಿದ್ದೆ ಬಂದವರು ಮಲಗಬಹುದು. ಗೊರಕೆ ಮಾತ್ರ ಪ್ರಾಸಬದ್ಧವಾಗಿರಲಿ.

ಪ್ರೀತಿಯ ತಮ್ಮ ಮರಿಯಯ್ಯನಿಗೆ ಅಣ್ಣನ ಆಶೀರ್ವಾದಗಳು.

ಮೇಲಿನದನ್ನು ಓದಿ ಗಾಬರಿಯಾಗಬೇಡ. ನಾನು ಕಾಲೇಜಿನ ರಜಕ್ಕೆ ಊರಿಗೆ ಬಂದಾಗ ನೀನು ನನ್ನನ್ನು ಕಣದ ಹುಲ್ಲುಮೆದೆಯ ಮೇಲೆ ಹತ್ತಿಸಿ, 'ಬಾಸಣ ಮಾಡಣ್ಣ' ಎಂದು ಕೆಳಗೆ ಒಬ್ಬನೇ ಕೂತು ಚಪ್ಪಾಳೆ ತಟ್ಟುತ್ತಿದ್ದೆಯಲ್ಲ, ಆ ಅಭ್ಯಾಸ ಇನ್ನೂ ಹೋಗಿಲ್ಲ. ಕಷ್ಟದ ಮಾತು ಆಡಬೇಕಾದಾಗ ಮುಂದೆ ಒಂದು ಸಭೆ ಕೂತಿದೆ ಎಂದುಕೊಂಡರೆ ಮಾತ್ರ ನನಗೆ ಬಾಯಿ ಬರುತ್ತದೆ.

ನಿನ್ನ ಆರೋಗ್ಯ ಹೇಗಿದೆ? ಕೇಳುವುದು ರೂಢಿ, ಕೇಳಿದ್ದೇನೆ. ಊರಿನ ಲೆಕ್ಕದಲ್ಲಿ ನೀನು ತೀರಿಕೊಂಡು ಎಂಟು ತಿಂಗಳಾಯಿತು. ನಿನ್ನ ತಿಥಿಯ ಊಟಕ್ಕೆ ಕೊತ್ತತ್ತಿಯಿಂದ ಬಂದ ನೆಂಟರು ಮೂರು ಸಲ ಸಾರು ಹಾಕಿಸಿಕೊಂಡರು. ನಿನ್ನ ಮೇಲಿನ ಪ್ರೀತಿಯೇ ಇರಬೇಕು. ಇಲ್ಲಿ ನಾನೂ ನಿನ್ನ ಅತ್ತಿಗೆ ಪಟ್ಟಲಮ್ಮನೂ ಕ್ಷೇಮ. ನನಗೆ ಮಂಡಿ ಹಿಡಿದಿದೆ, ಅವಳಿಗೆ ಗೊಣಗು ಹಿಡಿದಿದೆ. ಕಬ್ಬು ಅರೆಯುವ ಕಾಲವಾದ್ದರಿಂದ ಗಾಡಿಗಳು ಕಾರ್ಖಾನೆಯ ಬಾಗಿಲಿಂದ ಗುತ್ತಲಿನವರೆಗೂ ಸಾಲುಗಟ್ಟಿವೆ. ಬಟ್ಟೆಗೂ ಅನ್ನಕ್ಕೂ ಕಾಕಂಬಿಯ ವಾಸನೆ. ಅವ್ವನ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲು ಬರೆದರೆ ಉಳಿದದ್ದು ಬರೆಯಲಾಗುವುದಿಲ್ಲ.

ನೀನು ನಲವತ್ತೊಂದರ ಸಂಕ್ರಾಂತಿ ಮುಗಿಸಿಕೊಂಡು ರಂಗೂನಿನ ಮರದ ಕಂಪನಿಯ ಲಾರಿ ಓಡಿಸಲು ಹೊರಟಾಗ ಚಲುವಮ್ಮ ನಮ್ಮ ಮನೆಗೆ ಬಂದು ಎರಡು ವರ್ಷ. ಅವಳಿಗೆ ಹದಿನೆಂಟು. 'ವರ್ಷ ತುಂಬೋದ್ರೊಳಗೆ ಬತ್ತೀನಿ' ಎಂದು ಅವಳ ಮುಂದೆ ಹೇಳಿದವನು ನೀನು, ಕೇಳಿದವನು ನಾನು. ವರ್ಷ ತುಂಬಲು ಒಂದು ತಿಂಗಳಿರುವಾಗಲೇ ರಂಗೂನಿನ ಮೇಲೆ ಬಾಂಬು ಬಿದ್ದ ಸುದ್ದಿ ಬಂತು. ಆ ಜನವರಿಯ ನಿನ್ನ ಒಂದು ಕಾರ್ಡು, ಆಮೇಲೆ ಇಲ್ಲ. ನಾನು ಮಾತ್ರ ಕಂಪನಿಯ ವಿಳಾಸಕ್ಕೆ ಕಾರ್ಡು ಹಾಕುತ್ತಲೇ ಇದ್ದೆ. ಪ್ರತಿಯೊಂದರ ಕೊನೆಗೂ ಒಂದೇ ಪದ್ಯ: 'ಇದ್ದರೆ ಕಾಗದ ಬರೆ, ಇಲ್ಲದಿದ್ದರೆ ಕನಸಲ್ಲಿ ಕರೆ.' ಕಾಗದವೂ ಬರಲಿಲ್ಲ, ನೀನು ಕರೆಯಲೂ ಇಲ್ಲ. ರಂಗೂನಿನಿಂದ ನಡೆದು ಬಂದವರು ರೈಲಿನಲ್ಲಿ ಹೋಗುತ್ತಾರೆಂದು ಕೇಳಿ ಭಾನುವಾರವೆಲ್ಲ ಮಂಡ್ಯ, ಮದ್ದೂರು ಸ್ಟೇಷನ್ನುಗಳಲ್ಲಿ ನಿಂತೆ. ಕಿಟಕಿ ಕಿಟಕಿಗೂ ಒಂದೇ ಪ್ರಶ್ನೆ: ಎಡಗೆನ್ನೆಯ ಮೇಲೆ ಮಚ್ಚೆ ಇರುವ ಲಾರಿ ಡ್ರೈವರು, ಹೆಸರು ಮರಿಯಯ್ಯ, ಕಂಡಿದ್ದೀರಾ? ಕಂಡವರಿಲ್ಲ.

ಹಾಗೆ ಕೇಳುತ್ತ ಕೇಳುತ್ತಲೇ ಆ ಮುದುಕರ ಪರಿಚಯವಾಯಿತು. ಅವರ ಕಥೆ ಹೇಳದೆ ನನ್ನ ಕಥೆ ಹೇಳಲಾಗದು, ತಾಳ್ಮೆಯಿರಲಿ.

ಅವರ ಹೆಸರು ರಹಮೀಮ್ ಸಿಲ್ವೇರಾ. ಯೆಹೂದ್ಯರು. ಧರ್ಮಶಾಸ್ತ್ರ ಬಲ್ಲ ಗುರುವನ್ನು ಅವರಲ್ಲಿ ಹಖಾಮ್ ಎನ್ನುತ್ತಾರೆ. ಮುತ್ತಾತನ ಮುತ್ತಾತಂದಿರನ್ನು ಸ್ಪೇನ್ ದೇಶದ ರಾಜ ಹೊರಹಾಕಿದ್ದನಂತೆ. ಅಲ್ಲಿಂದ ಹಲಬ್ ಎಂಬ ಊರು, ಅಲ್ಲಿಂದ ಬಾಗ್ದಾದು, ಅಲ್ಲಿಂದ ರಂಗೂನು, ಯುದ್ಧ ಬಂದಾಗ ಹಡಗಿನಲ್ಲಿ ಕಲ್ಕತ್ತ, ಕೊನೆಗೆ ಗುತ್ತಲು. ಮಗ ಸಕ್ಕರೆ ಕಾರ್ಖಾನೆಯಲ್ಲಿ ರಸಾಯನ ಪರೀಕ್ಷೆ ಮಾಡುವ ನೌಕರ. ನಮ್ಮ ಮನೆಯಿಂದ ಮೂರನೆಯ ಮನೆ ಬಾಡಿಗೆ ಹಿಡಿದಿದ್ದ. ಮುದುಕರ ಜೊತೆ ಮಗಳು ಹಬೀಬಾ, ಒಂದು ಸೀಮೆಎಣ್ಣೆ ಡಬ್ಬ. ಡಬ್ಬದ ತುಂಬ ಕಾಗದ. ಬೀದಿಯವರು ಅವರಿಗೆ ಗಡ್ಡದ ಸ್ವಾಮಿ ಎಂದು ಹೆಸರಿಟ್ಟರು. ಅವರ ಮಡಿ ನಮ್ಮ ಯಾವ ಮಡಿಗೂ ಕಡಿಮೆಯಿರಲಿಲ್ಲ. ಹುರುಪೆ ಇಲ್ಲದ ಮೀನು ಬೇಡ, ಶನಿವಾರ ಒಲೆ ಹಚ್ಚುವಂತಿಲ್ಲ, ಹಾಲು ಕರೆಯುವಾಗ ಎದುರಿಗೆ ಕೂತು ಕಣ್ಣಾರೆ ನೋಡದ ಹಾಲನ್ನು ಮುಟ್ಟುವಂತಿಲ್ಲ. ಹಾಲಿನ ಬೆಟ್ಟಮ್ಮ ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು: 'ನೀರ್ ಆಕ್ತೀನಿ ಅಂತ ಕಾವ್ಲು ಕುಂತದೆ ಕಣ್ ಮೇಷ್ಟ್ರೇ, ನಿಮ್ ಗಡ್ಡದ್ ಸ್ವಾಮಿ! ನಮ್ ಎಮ್ಮೆ ನಾಚ್ಕಂಡು ಆಲೇ ಇಳಿಸ್ನಿಲ್ಲ.'

ರಂಗೂನಿನವರು ಎಂದು ತಿಳಿದ ಸಂಜೆಯೇ ನಾನು ಅವರ ಜಗಲಿ ಹತ್ತಿ ಇಂಗ್ಲಿಷಿನಲ್ಲಿ ನಿನ್ನ ಮಚ್ಚೆಯ ವಿಷಯ ಕೇಳಿದೆ. ಅವರು ಕಂಡಿಲ್ಲ ಎನ್ನಲಿಲ್ಲ, ಕಂಡಿದ್ದೇನೆ ಎನ್ನಲಿಲ್ಲ. ನನ್ನನ್ನೇ ತಿರುಗಿ ಕೇಳತೊಡಗಿದರು. ಕೊನೆಗೆ ಕಂಡವರು ಯಾರು? ಹಗಲೋ ಕತ್ತಲೋ? ಹತ್ತಿರವೋ ದೂರವೋ? ನೆಲದ ಮೇಲೋ ನೀರಿನ ಮೇಲೋ? ಮಾಧ್ಯಮಿಕ ಶಾಲೆಯ ಇನ್‌ಸ್ಪೆಕ್ಟರೂ ನನ್ನನ್ನು ಹಾಗೆ ಬೆವರಿಳಿಸಿರಲಿಲ್ಲ. ಆಮೇಲೆ ಕೇಳಿದರು, ಅವನಿಗೆ ಹೆಂಡತಿ ಇದ್ದಾಳೆಯೇ? ಇದ್ದಾಳೆ ಎಂದೆ. ಮುದುಕರು ಕಣ್ಣು ಮುಚ್ಚಿಕೊಂಡು, ಹಾಗಾದರೆ ಕಾಣೆಯಾದವರು ಇಬ್ಬರು ಎಂದರು.

ಅವರ ಜೀವಮಾನದ ವಿದ್ಯೆಯೇ ಅದು, ಮರಿ. ನಮ್ಮ ಪಂಡಿತರು ಛಂದಸ್ಸು ಹಿಡಿದು ಕೂತಂತೆ ಅವರು ಕಾಣೆಯಾದ ಗಂಡಸರ ಹೆಂಡತಿಯರ ಪ್ರಶ್ನೆ ಹಿಡಿದು ಕೂತಿದ್ದರು. ಅವರ ಶಾಸ್ತ್ರದಲ್ಲಿ ಗಂಡ ಸತ್ತನೆಂದು ರುಜುವಾತಾಗದೆ ಹೆಣ್ಣಿಗೆ ಬಿಡುಗಡೆಯಿಲ್ಲ. ಹತ್ತು ವರ್ಷ ಕಾದರೂ ಇಲ್ಲ, ಐವತ್ತು ವರ್ಷ ಕಾದರೂ ಇಲ್ಲ. ಆದರೆ ಆ ರುಜುವಾತನ್ನು ಎಷ್ಟು ಹಗುರ ಮಾಡಬಹುದೋ ಅಷ್ಟು ಹಗುರ ಮಾಡಲು ಹಳೆಯ ಪಂಡಿತರೆಲ್ಲ ಸಾವಿರಾರು ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ಬೇರೆ ವ್ಯಾಜ್ಯಗಳಿಗೆ ಇಬ್ಬರು ಸಾಕ್ಷಿ ಬೇಕು, ಇದಕ್ಕೆ ಒಬ್ಬ ಸಾಕು. ಆ ಒಬ್ಬ ಹೆಂಗಸಾದರೂ ಆದೀತು, ಆಳಾದರೂ ಆದೀತು. ತಾನೇ ಕಂಡಿರಬೇಕೆಂದಿಲ್ಲ, ಕಂಡವನ ಬಾಯಿಂದ ಕೇಳಿದ್ದರೂ ಆದೀತು. ಅನ್ಯ ಮತದವನಾದರೆ ಅವನು ಸಾಕ್ಷಿ ಹೇಳಲೆಂದೇ ಬಂದಿರಬಾರದು. ಮಾತಿನ ನಡುವೆ, ಬೀಡಿಗೆ ಬೆಂಕಿ ಕೇಳುತ್ತ, ತಾನಾಗಿ ಅಂದುಬಿಟ್ಟಿರಬೇಕು. ಒಂದು ಲೋಟ ಹಾಲಿಗೆ ಕಣ್ಣು ಬೇಕು, ಒಂದು ಹೆಂಗಸಿನ ಬಿಡುಗಡೆಗೆ ಕಿವಿ ಸಾಕು ಎಂದು ಅವರೇ ನಕ್ಕು ಹೇಳಿದ್ದರು. ಆದರೆ ಹೆಣದ ಗುರುತು ಹಿಡಿಯುವುದಾದರೆ ಮುಖ ನೋಡಿರಬೇಕು, ಮೂಗು ಸಮೇತ. ಅಂಗಿ, ಉಂಗುರ, ಕೋವಿ ನಡೆಯುವುದಿಲ್ಲ. ಅವನ್ನು ಎರವಲು ಕೊಟ್ಟಿರಬಹುದು, ಮೂಗನ್ನು ಯಾರೂ ಎರವಲು ಕೊಡುವುದಿಲ್ಲ. ಇನ್ನು ನೀರಿಗೆ ಬಿದ್ದವನ ವಿಷಯ. ಕೆರೆಗೆ ಬಿದ್ದು ಮೇಲೇಳದಿದ್ದರೆ ಸತ್ತ. ನಾಲ್ಕು ದಡವೂ ಕಾಣುತ್ತದೆ, ಎಲ್ಲಿ ಹತ್ತಿದ್ದರೂ ತಿಳಿಯುತ್ತಿತ್ತು. ಸಮುದ್ರಕ್ಕೆ ಬಿದ್ದವನು ಸತ್ತನೆನ್ನುವಂತಿಲ್ಲ. ನಮ್ಮ ಕಣ್ಣಿಗೆ ಬೀಳದ ಯಾವುದೋ ದಡ ಅವನು ಹತ್ತಿರಬಹುದು. ದಡ ಕಾಣದ ನೀರು ಹೆಣ್ಣಿನ ಕಟ್ಟನ್ನು ಬಿಚ್ಚುವುದಿಲ್ಲ.

ಆ ಡಬ್ಬದಲ್ಲಿದ್ದದ್ದು ಅವರು ಬರೆದ ನಲವತ್ತಮೂರು ತೀರ್ಪುಗಳು. ಹಿಂದಿನ ಯುದ್ಧದಲ್ಲಿ ತುರ್ಕಿಯ ಸೈನ್ಯ ಬಾಗ್ದಾದಿನ ಗಂಡಸರನ್ನು ಹಿಡಿದು ಎಲ್ಲೋ ಹಿಮದ ಬೆಟ್ಟಗಳಿಗೆ ಸಾಗಿಸಿತಂತೆ. ಅವರ ಹೆಂಡತಿಯರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರಂತೆ. ಇವರು ಆಗ ಮೂವತ್ತು ದಾಟದ ಪಂಡಿತ. ದೋಣಿಯವನ ಹರಟೆ, ಕತ್ತೆ ವ್ಯಾಪಾರಿಯ ಬೈಗುಳ, ಎಲ್ಲಿಂದೆಲ್ಲಿಗೋ ಹೋಗುವ ಮಾತುಗಳನ್ನು ಹಿಡಿದು, ಹಳೆಯ ಗ್ರಂಥಗಳ ಜೊತೆ ಹೊಸೆದು, ಒಬ್ಬೊಬ್ಬಳನ್ನೇ ಬಿಡಿಸಿದರು. ನಲವತ್ತನಾಲ್ಕನೆಯ ಹಾಳೆ ಮಾತ್ರ ಖಾಲಿ. ಏಕೆ ಎಂದು ನಾನು ಕೇಳಿದ್ದು ಒಂದು ವರ್ಷದ ಗೆಳೆತನದ ಮೇಲೆ. ಒಬ್ಬಳನ್ನು ಹದಿನೇಳನೆಯ ಇಸವಿಯಲ್ಲಿ ಬಿಡಿಸಿದ್ದರು. ಮರುಮದುವೆಯಾಯಿತು, ಮೂರು ಮಕ್ಕಳಾದವು. ಇಪ್ಪತ್ತೊಂದರಲ್ಲಿ ಮೊದಲನೆಯ ಗಂಡ ರಷ್ಯದ ಸೆರೆಯಿಂದ ನಡೆದುಕೊಂಡು ಬಂದ. ಮೊದಲಲ್ಲಿ ಅಷ್ಟು ಸಡಿಲವಾದ ಶಾಸ್ತ್ರ ಕೊನೆಯಲ್ಲಿ ಅಷ್ಟೇ ಬಿಗಿ: ಗಂಡ ಬಂದರೆ ಅವಳು ಇಬ್ಬರನ್ನೂ ಬಿಡಬೇಕು. ಬಿಟ್ಟಳು. ಹಖಾಮರು ಆ ವರ್ಷವೇ ಬಾಗ್ದಾದು ಬಿಟ್ಟರು, ಮತ್ತೆ ತೀರ್ಪು ಬರೆಯಲಿಲ್ಲ.

ನಾನು ಅವರ ಬರವಣಿಗೆಗೆ ಸಿಕ್ಕಿದ್ದು ಹೀಗೆ. ಹಬೀಬಾಳ ಗಂಡ ಹೆಂಡತಿಯನ್ನೂ ಮಾವನನ್ನೂ ಮೊದಲ ಹಡಗಿಗೆ ಹತ್ತಿಸಿ, ಅಂಗಡಿ ಮುಚ್ಚಿ ಬರುತ್ತೇನೆಂದು ಹಿಂದೆ ಉಳಿದ. ಅವನು ಹತ್ತಿದ ಹಡಗಿನ ಖಲಾಸಿಯೊಬ್ಬ ಕಲ್ಕತ್ತೆಯ ಬಂದರಿನಲ್ಲಿ ಹಗ್ಗ ಸುತ್ತುತ್ತ, ಕನ್ನಡಕದ ಸೇಟು ಅಕ್ಯಾಬ್ ಬಂದರಿನ ಹತ್ತಿರ ಅಲೆಗೆ ಜಾರಿ ಬಿದ್ದ, ಹಡಗು ನಿಲ್ಲಲಿಲ್ಲ ಎಂದನಂತೆ. ಸಾಕ್ಷಿ ಒಬ್ಬನಿದ್ದ, ತಾನಾಗಿ ಅಂದಿದ್ದ, ಎಲ್ಲ ಸರಿ. ನೀರು ಮಾತ್ರ ದಡ ಕಾಣದ ನೀರು. ಇಂಥ ಪ್ರಶ್ನೆಗೆ ದಾರಿ ಹುಡುಕಬಲ್ಲವರು ಹಖಾಮರೊಬ್ಬರೇ, ಆದರೆ ಮಗಳ ವಿಷಯಕ್ಕೆ ಅಪ್ಪ ನ್ಯಾಯಾಧೀಶನಾಗುವಂತಿಲ್ಲ. ಅದಕ್ಕೇ ಅವರು ಮೂವರು ಪಂಡಿತರಿಗೆ ಬರೆಯಲು ಹೊರಟರು, ಬಾಗ್ದಾದಿಗೊಂದು, ಕಲ್ಕತ್ತೆಗೊಂದು, ಜೆರೂಸಲೇಮಿಗೊಂದು. ಯುದ್ಧಕಾಲ, ಅವರ ಲಿಪಿಯ ಕಾಗದ ಅಂಚೆ ತನಿಖೆಯವರ ಮೇಜಿನ ಮೇಲೆ ತಿಂಗಳುಗಟ್ಟಲೆ ಕೊಳೆಯುತ್ತಿತ್ತು, ಇಂಗ್ಲಿಷಿನಲ್ಲಿ ಬರೆದರೆ ಬೇಗ ಹೋಗುತ್ತಿತ್ತು. ಮುದುಕರ ಕಣ್ಣಿಗೆ ಪೊರೆ, ಕೈಗೆ ನಡುಕ. ಮಗಳು ಬರೆಯುವಂತಿಲ್ಲ, ವ್ಯಾಜ್ಯ ಅವಳದೇ; ಮಗನೂ ಬರೆಯುವಂತಿಲ್ಲ, ಅವಳ ಒಡಹುಟ್ಟಿದವನು. ಹೀಗಾಗಿ ಕನ್ನಡದ ಬೆಟ್ಟಯ್ಯ ಇಂಗ್ಲಿಷಿನ ಕರಣಿಕನಾದ. ನನ್ನ ಇಂಗ್ಲಿಷು ಅಂದರೆ ಪಂಚೆಯ ಮೇಲೆ ಕೋಟು. ಆದರೂ ಮೂರು ವರ್ಷ, ವಾರಕ್ಕೆ ಮೂರು ಸಂಜೆ, ಅವರು ಹೇಳಿದರು, ನಾನು ಬರೆದೆ.

ಆ ಸಂಜೆಗಳಲ್ಲಿ ಎಷ್ಟೋ ಸಲ ಚಲುವಮ್ಮ ಹೊಳಲಿನಿಂದ ಸೊಪ್ಪು, ಅವರೆಕಾಯಿ ಹೊತ್ತು ಬರುತ್ತಿದ್ದಳು. ಹಬೀಬಾ ಅವಳನ್ನು ಜಗಲಿಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಇವಳಿಗೆ ಅವಳ ಮಾತು ಬರದು, ಅವಳಿಗೆ ಇವಳದು ಬರದು. ಇಬ್ಬರೂ ನೆನೆದ ಅವರೆಕಾಳನ್ನು ಹಿತುಕುತ್ತ ಒಂದೇ ಮೊರದ ಎರಡು ಕಡೆ ಕೂತಿರುತ್ತಿದ್ದರು. ಒಂದು ದಿನ ಚಲುವಮ್ಮ ಬಾಗಿಲಲ್ಲಿ ನಿಂತು ಕೇಳಿದಳು: 'ಬಾವ, ಆ ಸ್ವಾಮಿ ಪುಸ್ತಕದೊಳ್ಗೆ ನನ್ನಂತೋಳ್ಗೆ ಏನಾರ ಬರ್ದದಾ?' ನಾನು ಅದನ್ನು ಹಖಾಮರಿಗೆ ತಿಳಿಸಿದೆ. ಅವರು, ನಿಮ್ಮ ಮನೆಯ ಹೆಣ್ಣು ನನ್ನ ಶಾಸ್ತ್ರಕ್ಕೆ ಸೇರಿದವಳಲ್ಲ, ಆದರೂ ಸಾಕ್ಷಿ ಯಾರಾದರೂ ಸಿಕ್ಕರೆ ನನಗೊಂದು ಮಾತು ಹೇಳು ಎಂದರು. ಸಿಗಲಿಲ್ಲ ಎಂದು ಅವಳಿಗೆ ನಾನೇ ಹೇಳಬೇಕಾಯಿತು. ಅವಳು, 'ಆಯ್ತು ಬುಡಿ, ಕಾಳು ಒಣಗ್ತವೆ' ಎಂದು ಮೊರದ ಹತ್ತಿರ ಹೋದಳು.

ಪಂಡಿತರ ಉತ್ತರಗಳು ಬಂದವು. ಕಲ್ಕತ್ತೆಯವರು ಬರೆದರು: ಬಾಗ್ದಾದಿನವರು ಒಪ್ಪಿದರೆ ನಮ್ಮ ಒಪ್ಪಿಗೆ ಇದೆ. ಬಾಗ್ದಾದಿನವರು ಬರೆದರು: ಜೆರೂಸಲೇಮಿನವರು ಒಪ್ಪಿದರೆ ನಮ್ಮದೂ ಇದೆ. ಜೆರೂಸಲೇಮಿನದು ಬರಲಿಲ್ಲ. ಮುದುಕರು ದಿನಾ ಅಂಚೆಯವನ ಹೊತ್ತಿಗೆ ಕೋಟು ಹಾಕಿಕೊಂಡು ಹೊಸ್ತಿಲಲ್ಲಿ ನಿಲ್ಲುತ್ತಿದ್ದರು. ನಲವತ್ತೈದರ ಆಗಸ್ಟಿನಲ್ಲಿ ಯುದ್ಧ ಮುಗಿಯಿತೆಂದು ಕಾರ್ಖಾನೆಯ ಸಿಳ್ಳೆ ಕೂಗಿತು; ಆ ವಾರವೇ ಜ್ವರ ಬಂದು ಅವರೂ ಮುಗಿದರು. ಪ್ರಾರ್ಥನೆ ಹೇಳಲು ಅವರ ಜನದ ಹತ್ತು ಗಂಡಸರು ಬೇಕಂತೆ. ಮಂಡ್ಯದಲ್ಲಿ ಇದ್ದವನು ಮಗನೊಬ್ಬ. ನಾನು ಪಕ್ಕದಲ್ಲಿ ನಿಂತಿದ್ದೆ, ಲೆಕ್ಕಕ್ಕೆ ಬರಲಿಲ್ಲ. ಬೆಂಗಳೂರಿನಲ್ಲಿ ಅವರ ಜನರನ್ನು ಮಣ್ಣು ಮಾಡುವ ಜಾಗ ಇದೆಯೆಂದು ಲಾರಿಯಲ್ಲಿ ಸಾಗಿಸಿದರು. ಹಾಲಿನ ಬೆಟ್ಟಮ್ಮ ಬೀದಿಯ ಕೊನೆಯವರೆಗೆ ಲಾರಿಯ ಹಿಂದೆ ನಡೆದಳು.

ಜೆರೂಸಲೇಮಿನ ಕಾಗದ ಅಕ್ಟೋಬರಿನಲ್ಲಿ ಬಂತು. ಒಡೆದು ಹಬೀಬಾಳಿಗೆ ಓದಿದವನು ನಾನೇ. ಇಂದು ಈ ವಿಷಯದಲ್ಲಿ ತಮಗಿಂತ ಬಲ್ಲವರು ಯಾರೂ ಇಲ್ಲ, ತಾವೇ ಒಂದು ತೀರ್ಮಾನ ಬರೆದು ಕಳಿಸಿ, ನಾವು ಕೆಳಗೆ ರುಜು ಹಾಕುತ್ತೇವೆ ಎಂದಿತ್ತು.  ಒಲೆಯ ಮೇಲಿದ್ದ ಹಾಲು ಉಕ್ಕಿತು, ಹಬೀಬಾ ಎದ್ದು ಇಳಿಸಿದಳು. ಡಿಸೆಂಬರಿನಲ್ಲಿ ಅಣ್ಣನ ಜೊತೆ ಬೊಂಬಾಯಿಗೆ ಹೋಗುವ ದಿನ ನನಗೆ ಹಿಂದೂಸ್ತಾನಿಯಲ್ಲಿ ಒಂದು ಮಾತು ಹೇಳಿದಳು: ನಮ್ಮ ಮನೆಯಲ್ಲಿ ಎಲ್ಲರಿಗೂ ನಿಯಮ ಗೊತ್ತಿತ್ತು, ಮಾಸ್ಟರ್ ಸಾಹೇಬ್, ನಿಮ್ಮ ತಮ್ಮನ ಹೆಂಡತಿಗೆ ಆ ಕಷ್ಟ ಇಲ್ಲ.

ಆ ಮಾತು ನನ್ನ ತಲೆಯೊಳಗೆ ಕೂತಿತು. ನಮ್ಮಲ್ಲಿ ಗಂಡ ಸತ್ತವಳಿಗೆ ಕೂಡಿಕೆ ಉಂಟು. ಹೊಸ ಸೀರೆ ಉಡಿಸಿ, ವಾದ್ಯವಿಲ್ಲದೆ ಇನ್ನೊಬ್ಬನ ಮನೆಗೆ ಕಳಿಸುವುದು. ದೊಡ್ಡ ಮನೆಯವರು ಮುಖ ಹಿಂಡುತ್ತಾರೆ, ಆದರೂ ಉಂಟು. ಗಂಡ ಕಾಣೆಯಾದವಳಿಗೆ ಏನೂ ಇಲ್ಲ. ಆರತಿಗೆ ಕರೆದರೆ ಪಿಸುಮಾತು, ಕರೆಯದಿದ್ದರೆ ಅವ್ವನಿಗೆ ಅವಮಾನ. ಮಳವಳ್ಳಿ ಕಡೆಯ ಹುಚ್ಚೀರಯ್ಯ ಎಂಬವನು ನಾಲೆಯ ನೀರುಗಂಟಿ. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುವ ಕೆಲಸ. ಹೆಂಡತಿ ಸತ್ತು ಆರು ವರ್ಷ. ಹೋದ ವರ್ಷ ಬೇಸಿಗೆಯಲ್ಲಿ ಇದ್ದಿಲಿನ ಬಸ್ಸು ಹತ್ತಿ ನನ್ನ ಮನೆಗೆ ಬಂದು, ಟವೆಲ್ಲು ತೊಡೆಯ ಮೇಲಿಟ್ಟುಕೊಂಡು ಕೇಳಿದ. ಮರಿಯ ಬಂದರೇನು ಗತಿ ಎಂದೆ. 'ನಂಗೆ ಅವಸ್ರ ಇಲ್ಲ ಬುಡಿ ಮೇಷ್ಟ್ರೇ. ನೀರು ಬುಡೋನು ನಾನು, ಕಾಯೋದು ಗೊತ್ತು. ಆ ಯಮ್ಮನ ವಯಸ್ಸಿಗೆ ಕಾಯೋದು ಗೊತ್ತಿಲ್ವಲ್ಲ' ಎಂದ. ಅವಳನ್ನೂ ಕೇಳಿದೆ. ಅವಳು ನೆಲ ನೋಡುತ್ತ, 'ನಿಮ್ ತಮ್ಮ ಸತ್ತವ್ರೆ ಅಂತ ನಾನೆಂಗ್ ಏಳ್ಲಿ ಬಾವ? ನೀವೇ ಏಳಿ' ಎಂದಳು.

ಹೇಳಿದೆ. ಜೂನ್ ತಿಂಗಳಲ್ಲಿ ಹೊಳಲಿನ ಅರಳಿಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ಯಜಮಾನ ಚಿಕ್ಕಮಾದಯ್ಯ ಮೊದಲೇ ಗುಡುಗಿದ: 'ಕಂಡೋನ್ ಯಾವನ್ಲಾ? ನಾಳೀಕೆ ಮರಿಯ ಬಂದು ಊರಬಾಗ್ಲಲ್ಲಿ ನಿಂತ್ರೆ ಈ ಎಣ್ಣು ಆ ಮನೇಗೂ ಇಲ್ಲ, ಈ ಮನೇಗೂ ಇಲ್ಲ, ತಿಳ್ಕಳಿ.' ನಾನು ಎದ್ದು ನಿಂತೆ. ಮದ್ದೂರು ಸ್ಟೇಷನ್ನಿನಲ್ಲಿ ಒಬ್ಬ ತಮಿಳಿನವ ಸಿಕ್ಕಿದ್ದ ಎಂದೆ. ನಾನು ಅವನನ್ನು ಏನೂ ಕೇಳಿರಲಿಲ್ಲ. ಬೀಡಿಗೆ ಬೆಂಕಿ ಕೇಳುತ್ತ, ಮಂಡ್ಯದ ಕಡೆಯ ಒಬ್ಬ ಲಾರಿ ಡ್ರೈವರು ರಂಗೂನಿನಿಂದ ನಡೆದು ಬರುವ ಪ್ರೋಮಿನ ದಾರಿಯಲ್ಲಿ ಹೊಳೆ ದಾಟುವಾಗ ಸತ್ತ ಎಂದು ತಾನಾಗಿ ಅಂದ. ನಮ್ಮ ಶಿಂಷ ಹೊಳೆಯಷ್ಟೇ ಅಗಲ, ಎರಡು ದಡವೂ ಕಾಣುವ ಹೊಳೆ. ಹಗಲು. ಹೆಣವನ್ನು ಅವನೇ ಎಳೆದು ಹಾಕಿದ. 'ಮಕ ನೋಡಿದ್ನಂತಾ ಆ ಮನ್ಸ?' ಎಂದ ಚಿಕ್ಕಮಾದಯ್ಯ. ನೋಡಿದ್ದನಂತೆ ಎಂದೆ. ಎಡಗೆನ್ನೆಯ ಮಚ್ಚೆ, ಮೂಗು, ಎಲ್ಲ.

ಅಂಥ ತಮಿಳಿನವ ಯಾರೂ ಇರಲಿಲ್ಲ, ಮರಿ. ಹಖಾಮರ ನಲವತ್ತಮೂರು ತೀರ್ಪುಗಳಿಂದ ಒಂದೊಂದು ಎಳೆ ಕದ್ದು ಅವನನ್ನು ನೇಯ್ದವನು ನಾನು. ಸತ್ಯ ಹುಡುಕುವುದಕ್ಕೆಂದು ಆ ಮುದುಕರು ಜೀವ ಸವೆಸಿ ಕಟ್ಟಿದ ಪ್ರಶ್ನೆಗಳು ಸುಳ್ಳಿಗೆ ಎಷ್ಟು ಚೆನ್ನಾಗಿ ಅಳತೆ ಕೊಟ್ಟವು ಎಂದು ನೆನೆದರೆ ಇಂದಿಗೂ ಊಟ ಸೇರುವುದಿಲ್ಲ. ಪಂಚಾಯ್ತಿ ಒಪ್ಪಿತು. ಹೆಂಗಸರು ಅಳತೊಡಗಿದರು. ಅವ್ವ ಮಾತ್ರ ಅಳದೆ ಕಟ್ಟೆಯ ಹತ್ತಿರ ಬಂದು ನನ್ನ ಗಲ್ಲ ಹಿಡಿದು, 'ದಿಟವಾ ಬೆಟ್ಟ?' ಎಂದು ಕೇಳಿದಳು. ದಿಟ ಕಣವ್ವ ಎಂದೆ. ಆಮೇಲೆ ಅತ್ತಳು. ಚಲುವಮ್ಮ ತಾಳಿ ಬಿಚ್ಚಿ ಅವಳ ಮಡಿಲಿಗೆ ಹಾಕಿದಳು. ಅವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಂಟು ಇನ್ನೂ ಬಿಚ್ಚಿಲ್ಲ.

ಕಾರ್ತಿಕದಲ್ಲಿ ಸೀರೆ ಉಡಿಸಿ ಕಳಿಸಿದೆವು. ಮೊನ್ನೆ ಶಾಲೆಯ ರಜದಲ್ಲಿ ಮಳವಳ್ಳಿಗೆ ಹೋಗಿದ್ದೆ. ನಾಲೆಯ ಏರಿಯ ಮೇಲೆ ಅವರ ಮನೆ. ಚಲುವಮ್ಮನಿಗೆ ಮೂರು ತಿಂಗಳು. ಹುಳಿ ಮಾವಿನಕಾಯಿ ಇನ್ನೂ ಬಂದಿಲ್ಲವೆಂದು ಹುಚ್ಚೀರಯ್ಯ ನೆಲ್ಲಿಕಾಯಿ ಹುಡುಕಿಕೊಂಡು ಊರೂರು ಅಲೆಯುತ್ತಿದ್ದಾನೆ. ಅವಳು ನಗುವುದನ್ನು ನಾನು ಆರು ವರ್ಷದ ಮೇಲೆ ಕಂಡೆ. ಹೊರಡುವಾಗ ಹೊಸ್ತಿಲಲ್ಲಿ ನಿಂತು, 'ಬಾವ, ಆ ಬೀಡಿಯೋನು ಇನ್ನೊಂದ್ಸಲ ಸಿಕ್ರೆ ಊಟಕ್ಕೆ ಕರೀರಿ' ಎಂದಳು. ಆಗಲಿ ಎಂದೆ.

ನೀನು ಇದ್ದೀಯೋ ಇಲ್ಲವೋ ತಿಳಿಯದು. ಇಲ್ಲದಿದ್ದರೆ ನನ್ನ ಸುಳ್ಳು ಸುಳ್ಳಲ್ಲ, ನನ್ನನ್ನು ಮನ್ನಿಸು. ಎಲ್ಲಿದ್ದರೂ ನಿನ್ನ ತಲೆಯ ಮೇಲೆ ನನ್ನ ಕೈ ಇದೆ ಎಂದು ತಿಳಿ. ಪಟ್ಟಲಮ್ಮನಿಗೆ ನಾನು ನಿನಗೆ ಬರೆಯುತ್ತಿರುವುದು ಗೊತ್ತಿಲ್ಲ, ಆದರೂ ಅವಳ ಹೆಸರಿನಲ್ಲೂ ಹರಸುತ್ತೇನೆ.

ಇತಿ ನಿನ್ನ ಅಣ್ಣ,
ಬೆಟ್ಟಯ್ಯ

ಮ.ಸಾ.: ಸಭೆ ಮುಗಿಯಿತು, ಎಲ್ಲರೂ ಎದ್ದು ಹೋಗಿದ್ದಾರೆ. ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನೀನು ಇದ್ದೀಯೋ ಇಲ್ಲವೋ ತಿಳಿಯದು ಎಂದದ್ದು ಸುಳ್ಳು. ರಂಗೂನಿನ ಹತ್ತಿರದ ಪೆಗುವಿನಿಂದ ನೀನು ಬರೆದ ಕಾಗದ ಹೋದ ಯುಗಾದಿಯ ಹಿಂದಿನ ದಿನ ಶಾಲೆಯ ವಿಳಾಸಕ್ಕೆ ಬಂತು. ಆಮೇಲೆ ನಾನು ಸ್ಟೇಷನ್ನಿಗೆ ಹೋಗುವುದನ್ನು ನಿಲ್ಲಿಸಿದೆ. ಆ ಕಾಗದದಲ್ಲಿ ನೀನು, ಇಲ್ಲಿ ನನಗೆ ಒಬ್ಬಳಿದ್ದಾಳೆ, ಎರಡು ಮಕ್ಕಳಿವೆ, ಚಲುವಿಗೆ ಏನೂ ಹೇಳಬೇಡ, ಅವಳು ಅವ್ವನ ಜೊತೆ ಅಲ್ಲೇ ಇರಲಿ, ಎಂದಾದರೂ ಬರುತ್ತೇನೆ ಎಂದಿದ್ದೆ. ಪಂಚಾಯ್ತಿಯಲ್ಲಿ ನಿನ್ನ ಮೂಗಿನ ಸಾಕ್ಷಿ ಹೇಳುವಾಗ ಅದು ನನ್ನ ಕೋಟಿನ ಜೇಬಿನಲ್ಲಿತ್ತು. ಗುರುವಾರ ನಿನ್ನ ಎರಡನೆಯ ಕಾಗದ ಬಂದಿದೆ. ಏಪ್ರಿಲ್ ಹಡಗಿಗೆ ಒಬ್ಬನೇ ಬಂದು ಒಂದು ಸಲ ಎಲ್ಲರನ್ನೂ ನೋಡಿ ಹೋಗುತ್ತೇನೆ ಎಂದಿದ್ದೀಯೆ. ಚಿಕ್ಕಮಾದಯ್ಯ ಏನು ಹೇಳಿದನೆಂದು ಮೇಲೆ ಬರೆದಿದ್ದೇನೆ, ಇನ್ನೊಮ್ಮೆ ಓದು. ಹಖಾಮರ ಖಾಲಿ ಹಾಳೆಯನ್ನೂ ಓದು.

ಅವ್ವ ಇನ್ನೂ ಇದ್ದಾಳೆಯೇ ಎಂದು ಕೇಳಿದ್ದೀಯೆ. ಇದ್ದಾಳೆ. ಇಲ್ಲದವನು ನೀನು. ಬರಬೇಡ.